ವಾರಾನ್ನದಿಂದ ಸಿದ್ಧವನಕ್ಕೆ

ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಜಿಲ್ಲೆಗಳ ಶಾಲೆಗಳ ಲೆಕ್ಕವನ್ನು ತರಿಸಿದಾಗ, ಇಂದಿನ ದಕ್ಷಿಣ ಕನ್ನಡದ ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಒಳಗೊಂಡಿದ್ದ ಕೆನರಾ ಜಿಲ್ಲೆಯ ಕಲೆಕ್ಟರನು ಅಂಕಿಗಳ ಪಟ್ಟಿಯನ್ನು ಕಳುಹಲಿಲ್ಲ. ಈ ಸೀಮೆಯಲ್ಲಿ ಸ್ಥಿರವಾದ ಶಾಲೆಗಳೂ ನಿಯತರಾದ ಉಪಾಧ್ಯಾಯರೂ ಇಲ್ಲವೆಂದೂ, ವಿದ್ಯಾಭ್ಯಾಸವು ಬಹುಮಟ್ಟಿಗೆ ಮನೆಗಳೊಳಗೆ ಖಾಸಗಿಯಾಗಿ ನಡೆಯುವುದೆಂದೂ ಉತ್ತರವಿತ್ತನು. ಗುಡ್ಡದ ಓರೆಗೊಂದು, ಗದ್ದೆಬಯಲಿಗೊಂದು ಮನೆಯಿರುವ ತುಳುನಾಡಿನಲ್ಲಿ ಇದು ಸಹಜವೇ. ಆದರೆ ಹುಡುಗನ ಬುದ್ಧಿ ಬೆಳಗುವುದೂ ನಂದುವುದೂ ಅವನು ಹುಟ್ಟಿದ ಮನೆಯ ಮೇಲೆಯೇ ನಿಂತಿದ್ದಿತೆಂಬ ಕಠೋರ ಸತ್ಯವೂ ಆ ಉತ್ತರದಲ್ಲಿ ಅಡಗಿದೆ. ಧವಲವೆಂಬ ಜೈನ ಸಿದ್ಧಾಂತದ ತಾಳೆಗರಿ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ ಮೂಡುಬಿದಿರೆ ಹದಿನಾರನೆಯ ಶತಮಾನದಲ್ಲಿ ಕವಿ ರತ್ನಾಕರವರ್ಣಿಯನ್ನು ನಾಡಿಗಿತ್ತಿತು. ನೆರೆಯ ಹಳ್ಳಿಯ ಒಕ್ಕಲ ಮಗನಿಗೆ ಆ ಗ್ರಂಥಗಳವರೆಗೆ ದಾರಿಯಿರಲಿಲ್ಲ.

ಮುಂದೆ ಪೇಟೆಗಳಲ್ಲಿ ಶಾಲೆಗಳು ತೆರೆದುವು. ಆಗ ಬಡವರ ಮನೆಯ ಕುಶಾಗ್ರಮತಿಗೆ ಮೊದಲ ಪರೀಕ್ಷೆಯಾದುದು ದೂರ, ಎರಡನೆಯದು ಹಸಿವು. ಇವೆರಡಕ್ಕೂ ಸಮಾಜವು ಕಂಡುಕೊಂಡ ಉಪಾಯವೇ ವಾರಾನ್ನ. ಓದಿನಲ್ಲಿ ಮುಂದಿರುವನೆಂದು ಉಪಾಧ್ಯಾಯರೋ ಊರ ಹಿರಿಯರೋ ಗುರುತಿಸಿದ ಹುಡುಗನು ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದರಲ್ಲಿ, ಹೀಗೆ ವಾರದ ಏಳು ದಿನವೂ ಏಳು ಮನೆಗಳಲ್ಲಿ ಉಂಡು, ದೇವಸ್ಥಾನದ ಪೌಳಿಯಲ್ಲೋ ಯಾರದೋ ಜಗಲಿಯಲ್ಲೋ ಮಲಗಿ, ಎಲ್ಲರೊಂದಿಗೆ ಅದೇ ಸಾಮಾನ್ಯ ಶಾಲೆಯಲ್ಲಿ ಕಲಿಯುತ್ತಿದ್ದನು. ಕೊಡುವ ಮನೆಗೆ ಒಂದು ಹೊತ್ತಿನ ಅನ್ನ. ಪಡೆಯುವವನಿಗೆ ಒಂದು ವರ್ಷದ ವಿದ್ಯೆ. ಆ ಗೃಹಿಣಿಯರ ಔದಾರ್ಯವನ್ನು ನಾನು ಕೃತಜ್ಞತೆಯಿಂದಲ್ಲದೆ ನೆನೆಯಲಾರೆ. ಆದರೂ ಹೇಳಲೇಬೇಕಾದ ಮಾತೊಂದುಂಟು: ಪಂಕ್ತಿಯ ನಿಯಮವು ಜಾತಿಯ ನಿಯಮವಾಗಿದ್ದುದರಿಂದ ಆ ಅನ್ನವು ಎಲ್ಲ ಮಕ್ಕಳಿಗೂ ಎಟುಕುವಂತಿರಲಿಲ್ಲ, ಇನ್ನು ಹೆಣ್ಣುಮಗಳೊಬ್ಬಳು ಓದಿಗಾಗಿ ಮನೆಮನೆಗೆ ಉಣ್ಣಹೋಗುವುದನ್ನು ಅಂದು ಯಾರೂ ಕಲ್ಪಿಸಿರಲಾರರು.

ಹೊಟ್ಟೆಗೆ ಅನ್ನ ದೊರೆತ ಮೇಲೂ ಚಿತ್ತಕ್ಕೆ ಆಹಾರ ಬೇಕು. ಅದನ್ನು ಅರಿತವರು ಬಂಟವಾಳದಲ್ಲಿಯೇ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು. ಅಧ್ಯಾಪಕರಾಗಿ, ಅನಂತರ ಶಾಲಾ ಇನ್‌ಸ್ಪೆಕ್ಟರರಾಗಿ ಜಿಲ್ಲೆಯ ಶಾಲೆಗಳನ್ನು ಕಂಡ ಅವರು, ಮಗ್ಗಿ ಮತ್ತು ಕಂಠಪಾಠಗಳ ಭಾರದಡಿಯಲ್ಲಿ ಕುಗ್ಗಿದ್ದ ತರಗತಿಗೆ ಹಾಡನ್ನೂ ಕತೆಯನ್ನೂ ತಂದರು. 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಜಾಣರನ್ನು ಬೇರ್ಪಡಿಸದೆಯೇ ಅವರ ಕಲ್ಪನೆಗೆ ರೆಕ್ಕೆ ಮೂಡಿಸುವ ಪಾಠ ಸಾಧ್ಯವೆಂಬುದನ್ನು ಈ ಜಿಲ್ಲೆಯಲ್ಲಿ ಇವರಷ್ಟು ಸ್ಪಷ್ಟವಾಗಿ ತೋರಿದವರನ್ನು ನಾನರಿಯೆ.

ಏಳು ಮನೆಗಳ ಅನ್ನವು ಒಂದೇ ಪಾಕಶಾಲೆಗೆ ಬಂದುದು ಬೆಳ್ತಂಗಡಿಯ ಉಜಿರೆಯಲ್ಲಿ. ಧರ್ಮಸ್ಥಳದ ಧರ್ಮಾಧಿಕಾರಿ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಸ್ಥಾಪಿಸಿದ ಸಿದ್ಧವನ ಗುರುಕುಲದಲ್ಲಿ ಬಡ ವಿದ್ಯಾರ್ಥಿಗಳು ಗದ್ದೆತೋಟಗಳಲ್ಲಿ ದುಡಿಯುತ್ತ, ಉಚಿತವಾದ ಊಟವಸತಿಗಳನ್ನು ಪಡೆದು ಓದತೊಡಗಿದರು. ಪರರ ಜಗಲಿಯಲ್ಲಿ ಸಂಕೋಚದಿಂದ ಕಾದು ಕುಳಿತುಕೊಳ್ಳುವುದಕ್ಕೂ, ತಾನು ನೆಟ್ಟ ತರಕಾರಿಯನ್ನು ತಾನೇ ಉಣ್ಣುವುದಕ್ಕೂ ಇರುವ ಅಂತರವು ಬೆಳೆಯುವ ಹುಡುಗನ ಮನಸ್ಸಿಗೆ ಅಲ್ಪವಾದುದಲ್ಲ.

ಆಮೇಲೆ ಬಂದ ಏರ್ಪಾಡುಗಳು ಬೇರೊಂದು ದಾರಿಯನ್ನು, ಪರೀಕ್ಷೆಯಿಂದ ಜಾಣರನ್ನು ಆರಿಸುವ ದಾರಿಯನ್ನು, ಹಿಡಿದುವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದ ನವೋದಯ ವಿದ್ಯಾಲಯಗಳಲ್ಲೊಂದು ಜಿಲ್ಲೆಯ ಪಾಲಿಗೆ ಮುಡಿಪಿನಲ್ಲಿದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಪ್ರವೇಶಪರೀಕ್ಷೆಯಲ್ಲಿ ಆರಿಸಿದ ಮಕ್ಕಳಿಗೆ ಕನ್ನಡ ಮಾಧ್ಯಮದಲ್ಲಿ ಉಚಿತ ಶಿಕ್ಷಣವನ್ನೂ ಊಟವಸತಿಗಳನ್ನೂ ನೀಡುತ್ತಿದೆ. ಎರಡೂ ಸ್ತುತ್ಯವೇ, ಎರಡರ ಬಾಗಿಲೂ ಹೆಣ್ಣುಮಕ್ಕಳಿಗೆ ತೆರೆದಿದೆ. ಆದರೆ ಆಯ್ಕೆಯಾಗುವವರು ಕೆಲವರು. ಪರೀಕ್ಷೆಯಲ್ಲಿ ಅಂಕ ಸಾಲದೆ ಹಿಂತಿರುಗಿದ ಮಗುವೂ, ಪರೀಕ್ಷೆಯ ಸುದ್ದಿಯೇ ತಲುಪದ ಮಗುವೂ ಊರಿನ ಶಾಲೆಯಲ್ಲಿಯೇ ಉಳಿಯುತ್ತವೆ. ಅವುಗಳ ಪ್ರತಿಭೆಯ ಹೊಣೆ ಆ ಶಾಲೆಯದೇ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ನಾಡಿನ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯು ಈ ಹೊಣೆಯನ್ನು ಸ್ವಲ್ಪಮಟ್ಟಿಗೆ ಹೊತ್ತಿದೆ. ಅದರಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿಯೇ ಕಲಿಕೆಯ ಏಣಿಯನ್ನು ಏರುವುದರಿಂದ, ಬೇಗ ಕಲಿತವನು ಇತರರಿಗಾಗಿ ಕಾಯಬೇಕಾಗಿಲ್ಲ. ಆದರೆ ಆ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕರಿಂದ ಮುಂದೆ ಎಲ್ಲರದೂ ಒಂದೇ ಪುಟ, ಒಂದೇ ನಡಿಗೆ. ಅಲ್ಲಿ ಚುರುಕಿನ ಮಗುವಿಗೆ ಮುಂದಿನ ಪುಸ್ತಕವನ್ನು ಕೈಗಿಡಬೇಕಾದವರು, ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸುತ್ತಿರುವ ಘಟ್ಟದ ಬುಡದ ಉಪಾಧ್ಯಾಯರು. ಅವರಿಗೆ ಆ ಪುಸ್ತಕವನ್ನೂ, ಜೊತೆಗೆ ಇನ್ನೊಬ್ಬ ಉಪಾಧ್ಯಾಯರನ್ನೂ ಒದಗಿಸುವ ಕೆಲಸ ಇನ್ನೂ ಬಾಕಿಯಿದೆ.