ಚೀನಿ ಕೋಣೆ: ಒಂದು ವಾದದ ನಾಲ್ಕೂವರೆ ದಶಕ

ಒಬ್ಬ ಮನುಷ್ಯ ಹೋಟೆಲಿಗೆ ಹೋಗಿ ಹ್ಯಾಂಬರ್ಗರ್ ತರಲು ಹೇಳುತ್ತಾನೆ. ಬಂದದ್ದು ಸುಟ್ಟು ಕರಕಲಾಗಿರುತ್ತದೆ. ಸಿಟ್ಟಿಗೆದ್ದು, ದುಡ್ಡೂ ಕೊಡದೆ ಟಿಪ್ಸೂ ಇಡದೆ ಹೊರಟುಬಿಡುತ್ತಾನೆ. ಅವನು ಹ್ಯಾಂಬರ್ಗರ್ ತಿಂದನೇ? ಕತೆಯಲ್ಲಿ ಅದನ್ನು ಎಲ್ಲೂ ಹೇಳಿಲ್ಲ, ಆದರೂ ಕೇಳಿದವರೆಲ್ಲ ‘ಇಲ್ಲ’ ಎನ್ನುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೋಜರ್ ಶ್ಯಾಂಕ್ ಮತ್ತು ಸಂಗಡಿಗರು ಬರೆದ ಪ್ರೋಗ್ರಾಂಗಳು ಇಂಥ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದವು. ಹೋಟೆಲಿನಲ್ಲಿ ಸಾಮಾನ್ಯವಾಗಿ ಏನೇನು ನಡೆಯುತ್ತದೆ ಎಂಬ ವಿವರವನ್ನು, ಅವರು ಕರೆದಂತೆ ‘ಸ್ಕ್ರಿಪ್ಟ್’ ಅನ್ನು, ಯಂತ್ರಕ್ಕೆ ಮೊದಲೇ ಉಣಿಸಿರುತ್ತಿದ್ದರು. ಯಂತ್ರ ಕತೆಯನ್ನು ನಿಜಕ್ಕೂ ಅರ್ಥಮಾಡಿಕೊಂಡಿದೆ ಎಂಬ ಮಾತು ಎದ್ದಾಗ ಬರ್ಕ್‌ಲಿಯ ತತ್ವಶಾಸ್ತ್ರಜ್ಞ ಜಾನ್ ಸರ್ಲ್ ಅದನ್ನು ಒಪ್ಪಲಿಲ್ಲ. 1980ರಲ್ಲಿ ‘ಬಿಹೇವಿಯರಲ್ ಅಂಡ್ ಬ್ರೈನ್ ಸೈನ್ಸಸ್’ ಪತ್ರಿಕೆಯಲ್ಲಿ ಅವರು ಬರೆದ ಎಂಟು ಪುಟಗಳ ಲೇಖನ, ಯಂತ್ರಬುದ್ಧಿಯ ಬಗ್ಗೆ ಅಲ್ಲಿಂದ ಇಲ್ಲಿಯವರೆಗೆ ನಡೆದ ಚರ್ಚೆಯ ದಿಕ್ಕನ್ನೇ ಬದಲಿಸಿತು.

ಪ್ರಶ್ನೆ ಹಳೆಯದು. 1714ರಲ್ಲೇ ಜರ್ಮನಿಯ ಲೈಬ್ನಿಟ್ಸ್, ಯೋಚಿಸುವ ಯಂತ್ರವೊಂದನ್ನು ಗಿರಣಿಯಷ್ಟು ದೊಡ್ಡದು ಮಾಡಿ ಅದರೊಳಗೆ ಓಡಾಡಿದರೂ ಒಂದನ್ನೊಂದು ತಳ್ಳುವ ಭಾಗಗಳಲ್ಲದೆ ಬೇರೇನೂ ಕಾಣುವುದಿಲ್ಲ ಎಂದಿದ್ದರು. 1950ರಲ್ಲಿ ಅಲನ್ ಟ್ಯೂರಿಂಗ್ ಒಳಗೆ ಇಣುಕುವ ಗೋಜೇ ಬೇಡವೆಂದರು: ಯಂತ್ರದ ಉತ್ತರವನ್ನು ಮನುಷ್ಯನ ಉತ್ತರದಿಂದ ಬೇರ್ಪಡಿಸಲು ಆಗದಿದ್ದರೆ ಅಷ್ಟು ಸಾಕು. 1961ರಲ್ಲಿ ಸೋವಿಯತ್ ಲೇಖಕ ಅನತೋಲಿ ದ್ನೆಪ್ರೊವ್ ಬರೆದ ಕತೆಯೊಂದರಲ್ಲಿ ಗಣಿತಜ್ಞರ ದೊಡ್ಡ ಗುಂಪೊಂದು ಕ್ರೀಡಾಂಗಣದಲ್ಲಿ ಸಾಲಾಗಿ ಕೂತು, ಸೂಚನೆಯಂತೆ ಅಂಕಿಗಳನ್ನು ದಾಟಿಸುತ್ತಾ, ತಮಗೇ ಗೊತ್ತಿಲ್ಲದೆ ಪೋರ್ಚುಗೀಸ್ ವಾಕ್ಯವೊಂದನ್ನು ಅನುವಾದಿಸುತ್ತದೆ. ಸರ್ಲ್ ಅವರ ಯುಕ್ತಿಯ ಬೀಜ ಅಲ್ಲಿ ಆಗಲೇ ಇತ್ತು.

ಈಗ ಸರ್ಲ್ ಅವರ ಲೇಖನವನ್ನೇ ತೆರೆದು ನೋಡೋಣ. ಅದು ಉತ್ತಮ ಪುರುಷದಲ್ಲಿದೆ. ಇದು ಬರೀ ಶೈಲಿಯ ಸಂಗತಿಯಲ್ಲ. ಇಂಗ್ಲಿಷ್ ಮಾತ್ರ ಬಲ್ಲ ‘ನನ್ನನ್ನು’ ಕೋಣೆಯೊಂದರಲ್ಲಿ ಕೂಡಿಹಾಕಿದ್ದಾರೆ. ಮೊದಲು ಚೀನಿ ಲಿಪಿಯ ಒಂದು ಕಟ್ಟು ಬರುತ್ತದೆ, ಆಮೇಲೆ ಇನ್ನೊಂದು ಕಟ್ಟು. ಎರಡನ್ನೂ ಹೊಂದಿಸುವ ನಿಯಮಗಳು ಇಂಗ್ಲಿಷಿನಲ್ಲಿವೆ. ಮೂರನೆಯ ಕಟ್ಟು ಬಂದಾಗ ಯಾವ ಆಕಾರಕ್ಕೆ ಯಾವ ಆಕಾರವನ್ನು ಹೊರಗೆ ಕೊಡಬೇಕೆಂಬ ನಿಯಮಗಳೂ ಇವೆ. ‘ನನಗೆ’ ಗೊತ್ತಿಲ್ಲದ ಸಂಗತಿಯೆಂದರೆ ಮೊದಲ ಕಟ್ಟು ಸ್ಕ್ರಿಪ್ಟ್, ಎರಡನೆಯದು ಕತೆ, ಮೂರನೆಯದು ಪ್ರಶ್ನೆಗಳು, ನಾನು ಕೊಟ್ಟದ್ದು ಉತ್ತರಗಳು. ಹೊರಗಿನವರಿಗೆ ಒಳಗಿರುವವನು ಚೀನಿಯೇ ಇರಬೇಕು ಎನ್ನಿಸುತ್ತದೆ. ಇದೇ ಕೋಣೆಯಲ್ಲಿ ಇಂಗ್ಲಿಷ್ ಕತೆ, ಇಂಗ್ಲಿಷ್ ಪ್ರಶ್ನೆ ಬಂದರೂ ಅಷ್ಟೇ ಸರಿಯಾದ ಉತ್ತರ ಹೊರಡುತ್ತದೆ. ಹೊರಗಿನಿಂದ ಎರಡೂ ಒಂದೇ, ಒಳಗೆ ಕೂತವನಿಗೆ ಮಾತ್ರ ಒಂದೇ ಅಲ್ಲ.

ವಾದದ ಬಲವೆಲ್ಲ ಈ ಹೋಲಿಕೆಯಲ್ಲಿದೆ. ಬಹುಪಾಲು ಸಾರಾಂಶಗಳು ಇಂಗ್ಲಿಷಿನ ಭಾಗವನ್ನು ಬಿಟ್ಟುಬಿಡುತ್ತವೆ. ಆಗ ಉಳಿಯುವುದು ಚೀನಿ ಬಾರದವನೊಬ್ಬನ ಪೇಚಾಟ ಮಾತ್ರ, ಅದರಿಂದ ಏನೂ ಸಾಬೀತಾಗುವುದಿಲ್ಲ. ಸರ್ಲ್ ಹೇಳುತ್ತಿರುವುದು ಬೇರೆ: ಒಬ್ಬನೇ ಮನುಷ್ಯ, ಒಂದೇ ಗುಣಮಟ್ಟದ ಉತ್ತರ. ಒಂದು ಕಡೆ ಅರ್ಥವಿದೆ, ಇನ್ನೊಂದು ಕಡೆ ಆಕಾರಗಳ ವಿನಿಮಯವಷ್ಟೇ ಇದೆ. ಹಾಗಾದರೆ ಪ್ರೋಗ್ರಾಂ ಒಂದನ್ನು ನಡೆಸಿದ ಮಾತ್ರಕ್ಕೆ ಅರ್ಥ ಹುಟ್ಟುವುದಿಲ್ಲ.

ಇನ್ನೊಂದು ಮಾತನ್ನೂ ಜನ ಮರೆಯುತ್ತಾರೆ. ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಗೆ ಅದೇ ಲೇಖನದಲ್ಲಿ ಸರ್ಲ್ ಕೊಟ್ಟ ಉತ್ತರ ‘ಹೌದು’. ನಾವೇ ಅಂಥ ಯಂತ್ರಗಳು ಎನ್ನುತ್ತಾರೆ ಅವರು. ಅವರ ತಕರಾರು ಯಂತ್ರದ ಮೇಲಲ್ಲ, ಪ್ರೋಗ್ರಾಂ ಒಂದೇ ಸಾಕೆಂಬ ನಿಲುವಿನ ಮೇಲೆ. ಆ ನಿಲುವಿಗೆ ‘ಸ್ಟ್ರಾಂಗ್ ಎಐ’ ಎಂದು ಹೆಸರಿಟ್ಟವರೂ ಅವರೇ. ಇಂದು ಆ ಹೆಸರನ್ನು ಬೇರೆ ಅರ್ಥದಲ್ಲಿ ಬಳಸುವವರೇ ಹೆಚ್ಚು.

ಲೇಖನದ ಜೊತೆಗೇ 25ಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಅಚ್ಚಾದವು. ಅವುಗಳಲ್ಲಿ ಇವತ್ತಿಗೂ ಜೀವ ಉಳಿಸಿಕೊಂಡಿರುವುದು ‘ವ್ಯವಸ್ಥೆಯ ಉತ್ತರ’: ಮನುಷ್ಯನಿಗೆ ಚೀನಿ ಗೊತ್ತಿಲ್ಲ, ಸರಿ. ಆದರೆ ಅವನು ಒಂದು ಭಾಗ ಮಾತ್ರ. ಮನುಷ್ಯ, ನಿಯಮದ ಪುಸ್ತಕ, ಕಾಗದ ಎಲ್ಲವೂ ಸೇರಿದ ವ್ಯವಸ್ಥೆಗೆ ಗೊತ್ತಿರಬಹುದಲ್ಲ? ಸರ್ಲ್ ಇದಕ್ಕೆ, ಆ ಮನುಷ್ಯ ಇಡೀ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಬಯಲಿನಲ್ಲೇ ಕೆಲಸ ಮಾಡಲಿ, ಆಗಲೂ ಅವನಿಗೆ ಚೀನಿ ಗೊತ್ತಿರುವುದಿಲ್ಲ ಎಂದರು. ಇಲ್ಲಿ ಅವರು ಅವಸರಪಟ್ಟಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಲಕ್ಷಾಂತರ ನಿಯಮಗಳನ್ನು ಬಾಯಿಪಾಠ ಮಾಡಿದ ಮನುಷ್ಯ ಹೇಗಿರುತ್ತಾನೆಂದು ಊಹಿಸುವ ಶಕ್ತಿ ನಮಗಿಲ್ಲ. ಹಾಗಿರುವಾಗ ಅವನ ಒಳಗೇನಿದೆ, ಏನಿಲ್ಲ ಎಂಬುದನ್ನು ನಮ್ಮ ಊಹೆಯ ಬಲದ ಮೇಲೆ ತೀರ್ಮಾನಿಸುವುದು ಹೇಗೆ? 1981ರ ‘ದಿ ಮೈಂಡ್ಸ್ ಐ’ ಸಂಕಲನದಲ್ಲಿ ಹಾಫ್‌ಸ್ಟಾಡ್ಟರ್ ಮತ್ತು ಡೆನೆಟ್ ಎತ್ತಿದ ಆಕ್ಷೇಪವೂ ಇದೇ: ಕಾಗದದ ಚೂರುಗಳೆಂದು ಹೇಳಿ ಸರ್ಲ್ ಕೆಲಸದ ಅಗಾಧ ಗಾತ್ರವನ್ನು ಓದುಗನ ಕಣ್ಣಿನಿಂದ ಮರೆಮಾಡುತ್ತಾರೆ.

ಯಂತ್ರಕ್ಕೆ ಕ್ಯಾಮೆರಾ, ಕೈಕಾಲು ಜೋಡಿಸಿದರೆ? ಮಿದುಳಿನ ನರಕೋಶಗಳ ಕೆಲಸವನ್ನೇ ಅನುಕರಿಸಿದರೆ? ಈ ಆಕ್ಷೇಪಗಳಿಗೂ ಸರ್ಲ್ ಉತ್ತರಿಸಿದರು. ಕ್ಯಾಮೆರಾದಿಂದ ಬರುವುದೂ ಕೋಣೆಯೊಳಗಿನವನಿಗೆ ಇನ್ನಷ್ಟು ಆಕಾರಗಳೇ. ನರಕೋಶಗಳ ಬದಲಿಗೆ ನೀರಿನ ಕೊಳವೆ, ಕವಾಟಗಳನ್ನು ತಿರುಗಿಸುತ್ತಾ ಕೂತರೂ ಚೀನಿ ಅರ್ಥವಾಗುವುದಿಲ್ಲ. ಬಿರುಮಳೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿದರೆ ಯಾರೂ ನೆನೆಯುವುದಿಲ್ಲ ಎಂಬ ಅವರ ಮಾತು ತುಂಬ ಪ್ರಸಿದ್ಧ. ಆದರೆ ಅರ್ಥಗ್ರಹಿಕೆ ಮಳೆಯಂಥದ್ದೋ, ಲೆಕ್ಕದಂಥದ್ದೋ? ಅನುಕರಿಸಿದ ಕೂಡಿಕೆಯೂ ಕೂಡಿಕೆಯೇ ಅಲ್ಲವೇ? ಅರ್ಥಗ್ರಹಿಕೆ ಮಳೆಯಂಥದ್ದು ಎಂಬುದನ್ನೇ ಸರ್ಲ್ ಸಾಧಿಸಬೇಕಾಗಿತ್ತು, ಅದನ್ನು ಅವರು ಮೊದಲೇ ಒಪ್ಪಿಕೊಂಡು ಮುಂದೆ ನಡೆದಿದ್ದಾರೆ. ಅರ್ಥ ಹುಟ್ಟಲು ಮಿದುಳಿಗೆ ಸಮನಾದ ‘ಕಾರಣಶಕ್ತಿ’ ಬೇಕು ಎಂದವರು ಆ ಶಕ್ತಿ ಯಾವುದೆಂದು ಕೊನೆಯವರೆಗೂ ಹೇಳಲಿಲ್ಲ.

1990 ಈ ಚರ್ಚೆಗೆ ಎರಡು ತಿರುವುಗಳನ್ನು ತಂದ ವರ್ಷ. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಸರ್ಲ್ ಅವರಿಗೆ ಎದುರಾಗಿ ಪಾಲ್ ಮತ್ತು ಪೆಟ್ರೀಷಿಯಾ ಚರ್ಚ್‌ಲ್ಯಾಂಡ್ ದಂಪತಿ ಬರೆದರು. ಕತ್ತಲ ಕೋಣೆಯಲ್ಲಿ ಒಬ್ಬ ಅಯಸ್ಕಾಂತವನ್ನು ಆಡಿಸುತ್ತಾನೆ, ಬೆಳಕು ಕಾಣುವುದಿಲ್ಲ. ಹಾಗೆಂದು ಬೆಳಕು ವಿದ್ಯುತ್ಕಾಂತೀಯ ಅಲೆ ಎಂಬ ಮ್ಯಾಕ್ಸ್‌ವೆಲ್ ಸಿದ್ಧಾಂತ ಸುಳ್ಳಾಗುತ್ತದೆಯೇ? ವೇಗ ಸಾಲದ್ದಕ್ಕೆ ಕಾಣಲಿಲ್ಲ, ಅಷ್ಟೇ. ಸರ್ಲ್ ಪ್ರತಿಯಾಗಿ, ಬೆಳಕಿನದು ಭೌತಿಕ ಕಾರಣಗಳ ಕತೆ, ಸಂಕೇತಗಳಿಗೆ ಅಂಥ ಸ್ವಂತ ಶಕ್ತಿ ಇಲ್ಲ ಎಂದರು.

ಎರಡನೆಯ ತಿರುವು ಸ್ಟೀವನ್ ಹಾರ್ನಾಡ್ ಅವರದು, ನನ್ನ ಎಣಿಕೆಯಲ್ಲಿ ಹೆಚ್ಚು ಮಹತ್ವದ್ದೂ ಅದೇ. ಚೀನಿ ಬಾರದವನಿಗೆ ಚೀನಿ-ಚೀನಿ ನಿಘಂಟನ್ನಷ್ಟೇ ಕೊಟ್ಟರೆ ಅವನು ಪದದಿಂದ ಪದಕ್ಕೆ ಸುತ್ತುತ್ತಲೇ ಇರುತ್ತಾನೆ. ಎಲ್ಲಾದರೂ ಒಂದು ಕಡೆ ಪದ ಪ್ರಪಂಚವನ್ನು ಮುಟ್ಟಬೇಕು. ಹಾರ್ನಾಡ್ ಸರ್ಲ್ ಅವರ ಪ್ರಶ್ನೆಯನ್ನು ಉಳಿಸಿಕೊಂಡರು, ಮಿದುಳಿಗೆ ಸಮನಾದ ಶಕ್ತಿ ಬೇಕೆಂಬ ಹಟವನ್ನು ಬಿಟ್ಟರು. ಆ ಮೂಲಕ ತತ್ವಜ್ಞಾನಿಗಳ ಜಗಳ ಸಂಶೋಧಕರು ಕೈಹಾಕಬಹುದಾದ ಸಮಸ್ಯೆಯಾಯಿತು.

ಮೂವತ್ತು ವರ್ಷಗಳ ನಂತರ ಆ ಸಮಸ್ಯೆ, ಅಪಾರ ಪಠ್ಯದಿಂದ ಕಲಿತು ಉತ್ತರಿಸುವ ಪ್ರೋಗ್ರಾಂಗಳಾದ ಭಾಷಾ ಮಾದರಿಗಳ ಎದುರು ಬಂದು ನಿಂತಿತು. 2020ರಲ್ಲಿ ಎಮಿಲಿ ಬೆಂಡರ್ ಮತ್ತು ಅಲೆಕ್ಸಾಂಡರ್ ಕೊಲ್ಲರ್ ಕೋಣೆಯ ಬದಲು ಸಮುದ್ರವನ್ನು ತಂದರು. ಎರಡು ದ್ವೀಪಗಳಲ್ಲಿ ಸಿಕ್ಕಿಕೊಂಡ ಇಬ್ಬರು ಕಡಲ ತಳದ ತಂತಿಯ ಮೂಲಕ ಮಾತಾಡುತ್ತಾರೆ, ಬುದ್ಧಿವಂತ ಆಕ್ಟೋಪಸ್ ಒಂದು ಕದ್ದು ಕೇಳಿ ಒಬ್ಬರ ಪರವಾಗಿ ಉತ್ತರಿಸಲು ಕಲಿಯುತ್ತದೆ. ಹರಟೆ ಇರುವತನಕ ಗುಟ್ಟು ಬಯಲಾಗುವುದಿಲ್ಲ. ಕರಡಿ ಮೈಮೇಲೆ ಬಂದಿದೆ, ಕೈಯಲ್ಲಿರುವ ಕೋಲುಗಳಿಂದ ಏನು ಮಾಡಲಿ ಎಂದು ಕೇಳಿದಾಗ ಕರಡಿಯನ್ನೂ ಕೋಲನ್ನೂ ಕಾಣದ ಆಕ್ಟೋಪಸ್ ಸೋಲುತ್ತದೆ. ಇಂದಿನ ಮಾದರಿಗಳು ಕರಡಿಯ ಪ್ರಶ್ನೆಗೆ ಸಲೀಸಾಗಿ ಉತ್ತರಿಸುತ್ತವೆ. ಆದರೆ ಅವು ಓದಿದ್ದು ಇಬ್ಬರ ಹರಟೆಯನ್ನಲ್ಲ. ಅಂತರಜಾಲದಲ್ಲಿ ಮನುಷ್ಯರು ಬರೆದಿಟ್ಟದ್ದರಲ್ಲಿ ಬಹುದೊಡ್ಡ ಭಾಗವನ್ನು.

ಇಷ್ಟೂ ವರ್ಷ ವಾದಿ, ಪ್ರತಿವಾದಿ ಇಬ್ಬರೂ ಬಹುಮಟ್ಟಿಗೆ ಕೋಣೆಯೊಳಗಿನ ಮನುಷ್ಯನನ್ನೇ ನೋಡುತ್ತಾ ಬಂದರು. ನಿಯಮದ ಪುಸ್ತಕವನ್ನು ಬರೆದವರು ಯಾರು ಎಂಬ ಪ್ರಶ್ನೆ ಸರ್ಲ್ ಅವರಿಗೆ ಮುಖ್ಯವಾಗಲಿಲ್ಲ, ಯಾಕೆಂದರೆ ಆಗ ಉತ್ತರ ಸ್ಪಷ್ಟವಾಗಿತ್ತು: ಪ್ರೋಗ್ರಾಂ ಬರೆದವರು. ಹೋಟೆಲಿನಲ್ಲಿ ಏನಾಗುತ್ತದೆಂದು ಶ್ಯಾಂಕ್ ತಂಡಕ್ಕೆ ಗೊತ್ತಿತ್ತು, ಅದನ್ನೇ ಸ್ಕ್ರಿಪ್ಟಿನಲ್ಲಿ ಬರೆದರು. ಈಗ ಆ ಪುಸ್ತಕವನ್ನು ಯಾರೂ ಬರೆಯುತ್ತಿಲ್ಲ. ಮುಂದಿನ ಪದ ಯಾವುದೆಂದು ಊಹಿಸುವ ಅಭ್ಯಾಸದಲ್ಲಿ ಕೋಟ್ಯಂತರ ಸಂಖ್ಯೆಗಳು ತಾವಾಗಿ ಹೊಂದಿಕೊಂಡು ಪುಸ್ತಕವಾಗುತ್ತವೆ. ಒಥೆಲೋ ಎಂಬ ಹಲಗೆಯಾಟದ ನಡೆಗಳ ಪಟ್ಟಿಯನ್ನಷ್ಟೇ ಕೊಟ್ಟು ಸಣ್ಣ ಮಾದರಿಯೊಂದನ್ನು ಬೆಳೆಸಿದ ಕೆನೆತ್ ಲಿ ಮತ್ತು ಸಂಗಡಿಗರು 2022ರಲ್ಲಿ ಅದರ ಒಳಗನ್ನು ಶೋಧಿಸಿದರು. ಹಲಗೆಯ ಬಗ್ಗೆ ಯಾರೂ ಹೇಳದಿದ್ದರೂ ಯಾವ ಮನೆಯಲ್ಲಿ ಯಾವ ಬಣ್ಣದ ಕಾಯಿ ಇದೆ ಎಂಬ ಚಿತ್ರ ಅದರಲ್ಲಿ ರೂಪುಗೊಂಡಿತ್ತು. ಆ ಚಿತ್ರವನ್ನು ತಿದ್ದಿದಾಗ ಮಾದರಿ ಊಹಿಸುವ ನಡೆಗಳೂ ಬದಲಾದವು.

ಇದರಿಂದ ಯಂತ್ರಕ್ಕೆ ಅರ್ಥವಾಗುತ್ತದೆಂದು ಸಾಬೀತಾಗಲಿಲ್ಲ. ಹಲಗೆಯ ಚಿತ್ರ ಇರುವುದೇ ಬೇರೆ, ಆಡುತ್ತಿದ್ದೇನೆಂಬ ಅರಿವೇ ಬೇರೆ. ಆದರೆ ಪುಸ್ತಕದಲ್ಲಿರುವುದು ಆಕಾರಕ್ಕೆ ಆಕಾರ ಹೊಂದಿಸುವ ಪಟ್ಟಿ ಮಾತ್ರ ಎಂಬ ಸರ್ಲ್ ಅವರ ಚಿತ್ರಣ ಇಂದಿನ ಮಾದರಿಗಳಿಗೆ ಹೊಂದುವುದಿಲ್ಲ. ಪ್ರೋಗ್ರಾಂ ನಡೆಸಿದ ಮಾತ್ರಕ್ಕೆ ಅರ್ಥ ಬರುವುದಿಲ್ಲ ಎಂಬ ಅವರ ಮೊದಲ ವಾಕ್ಯವನ್ನು ಯಾರೂ ಪೂರ್ತಿ ಉರುಳಿಸಿಲ್ಲ. ಅರ್ಥಕ್ಕೆ ಮಿದುಳಿಗೆ ಸಮನಾದ ಶಕ್ತಿಯೇ ಬೇಕೆಂಬ ಎರಡನೆಯ ವಾಕ್ಯಕ್ಕೆ ಆಧಾರವನ್ನು ಅವರೂ ಕೊಡಲಿಲ್ಲ, ಅವರ ನಂತರದವರೂ ಕೊಟ್ಟಿಲ್ಲ.

ಈ ಯಂತ್ರಗಳು ಈಗ ಕನ್ನಡದಲ್ಲೂ ಉತ್ತರಿಸುತ್ತಿವೆ. ನಮ್ಮ ಭಾಷೆಯ ಪಠ್ಯ ಅವುಗಳಿಗೆ ಸಿಕ್ಕಿರುವುದು ಇಂಗ್ಲಿಷಿನ ಒಂದು ಸಣ್ಣ ಪಾಲಿನಷ್ಟು. ಒಂದೇ ಯಂತ್ರ, ಎರಡು ಭಾಷೆ, ಹೊರಗಿನಿಂದ ಒಂದೇ ತೆರನಾದ ಉತ್ತರ: ಸರ್ಲ್ ಕಲ್ಪಿಸಿಕೊಂಡ ಹೋಲಿಕೆಯನ್ನು ನಾವು ಕೂತಲ್ಲೇ ಮಾಡಿ ನೋಡಬಹುದಾದ ಕಾಲ ಇದು. ಹ್ಯಾಂಬರ್ಗರಿನಂಥ ಒಂದು ಕತೆಯನ್ನು ನಿಮ್ಮ ಊರಿನ ಕನ್ನಡದಲ್ಲಿ ಬರೆದು, ಅದನ್ನೇ ಇಂಗ್ಲಿಷಿನಲ್ಲೂ ಕೊಟ್ಟು, ಕತೆಯಲ್ಲಿ ಹೇಳದೆ ಬಿಟ್ಟದ್ದನ್ನು ಎರಡೂ ಭಾಷೆಯಲ್ಲಿ ಕೇಳಿ.