ಆತಕೂರಿನ ಕಾಳಿ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಶಿಲೆಯೊಂದುಂಟು. ಅದರಲ್ಲಿ ನಾಯಿಯೂ ಕಾಡುಹಂದಿಯೂ ಹೋರಾಡುತ್ತಿರುವಂತೆ ಕಡೆದಿದೆ. ಜೊತೆಗೆ ಹಳಗನ್ನಡದ ಬರಹ. ಇತಿಹಾಸಜ್ಞರು ಈ ಕಲ್ಲನ್ನು ಅರಸಿ ಬರುವುದು ಬಹುಮಟ್ಟಿಗೆ ತಕ್ಕೋಲದ ಯುದ್ಧಕ್ಕಾಗಿ; ನಾಯಿಗಾಗಿ ಅಲ್ಲ.

ಕ್ರಿ. ಶ. ೯೪೯ರ ಆ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು, ಎಂದರೆ ಶಾಸನದ ಕನ್ನರದೇವನು, ಚೋಳರನ್ನು ಗೆದ್ದನು. ಅವನ ಪಕ್ಷದ ಗಂಗದೊರೆ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನು ಮೋಸದಿಂದ ಕೊಂದನೆಂದು ಮೊದಲು ಅರ್ಥಮಾಡಿದ್ದುಂಟು. ಶಾಸನದ ‘ಬಿಸುಗೆ’ ಎಂಬ ಮಾತಿಗೆ ಆನೆಯ ಮೇಲಣ ಪೀಠವೆಂಬ ಅರ್ಥವು ತಿಳಿದ ಮೇಲೆ ಆ ಕಳಂಕವು ಅಳಿಯಿತು. ಈ ಗೆಲವಿಗಾಗಿ ಬೂತುಗನಿಗೆ ಬನವಾಸಿ ೧೨೦೦೦ ಮೊದಲಾದ ನಾಡುಗಳು ದೊರೆತುವು.

ಬೂತುಗನ ಸೇವಕನಾದ ಮಣಲೆರನೂ ಆ ಕಾಳಗದಲ್ಲಿ ಕಾದಿದವನು. ಮೆಚ್ಚಿದ ಒಡೆಯನು ಬೇಡಿಕೊಳ್ಳೆನ್ನಲು ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ನಾಡುಗಳು ಕೈಬದಲಾಗುತ್ತಿದ್ದ ಹೊತ್ತಿನಲ್ಲಿ ಇಂತಹ ಬೇಡಿಕೆ! ಆತಕೂರು ೧೨ ಅವನಿಗೆ ಕೊಡುಗೆಯಾಗಿ ದೊರೆತುದೂ ನಿಜ. ಆದರೆ ಬಾಯಿಬಿಟ್ಟು ಕೇಳಿದುದು ನಾಯಿಯನ್ನೇ.

ಕೆಳಲೆನಾಡಿನ ಬೆಳತೂರಿನ ಪಡುವಣ ಮರಡಿಯಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಡನೆ ಸತ್ತುವು. ಶಾಸನವು ಇದನ್ನು ಇಷ್ಟೇ ಮಾತಿನಲ್ಲಿ ಮುಗಿಸುತ್ತದೆ. ಮಣಲೆರನು ಅತ್ತನೆಂದಾಗಲಿ, ಬೇಡಿ ಪಡೆದುದನ್ನು ಬೇಟೆಗೆ ಬಿಟ್ಟುದಕ್ಕೆ ಪರಿತಪಿಸಿದನೆಂದಾಗಲಿ ಅದರಲ್ಲಿಲ್ಲ. ಅವನ ದುಃಖವನ್ನು ತಿಳಿಯಬೇಕಾದರೆ ಮುಂದೆ ನಡೆದುದನ್ನು ನೋಡಬೇಕು.

ಆತಕೂರಿನ ಚಲ್ಲೇಶ್ವರನ ಮುಂದೆ ಈ ಕಲ್ಲನ್ನು ನಡಿಸಲಾಯಿತು. ಕಾಡಿನ ಅಂಚಿನಲ್ಲಿ ಹೂಳಿ ಮರೆಯುವ ಬದಲು ದೇವರ ಸನ್ನಿಧಿಯಲ್ಲಿಯೇ ನಾಯಿಗೆ ಎಡೆಯಾಯಿತು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರು. ರಣದಲ್ಲಿ ಮಡಿದ ವೀರನಿಗೆ ಸಲ್ಲುವ ಮರ್ಯಾದೆಗೆ ಇದು ಕಡಮೆಯೇನಲ್ಲ. ಇನ್ನೂ ಒಂದು ಕಟ್ಟಳೆಯುಂಟು: ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಗೈದ ಪಾಪವು ಅವನಿಗೆ ತಗಲುವುದು. ನಾಯಿ ಗೈದ ಪಾಪವಾವುದು? ಹಂದಿಯನ್ನು ಕೊಂದುದೇ? ಹಾಗಾದರೆ ಅದನ್ನು ಬೇಟೆಗೆ ಬಿಟ್ಟವರ ಪಾಲು ಎಲ್ಲಿಗೆ ಹೋಯಿತು? ಶಾಸನಕ್ಕೆ ಈ ಪ್ರಶ್ನೆಯಿಲ್ಲ.

ಶೋಕವು ಕೆಲವು ದಿನಗಳಲ್ಲಿ ತಣಿಯುವುದೆಂದು ಬಲ್ಲವನೇ ಇಂತಹ ಏರ್ಪಾಡನ್ನು ಮಾಡಿರಬೇಕು. ತನ್ನ ಮನಸ್ಸು ಮರೆತರೂ, ತಾನೇ ಇಲ್ಲವಾದರೂ, ಪ್ರತಿದಿನ ಊಟಕ್ಕೆ ಮುನ್ನ ಒಬ್ಬನಾದರೂ ಆ ನಾಯಿಯ ಕಲ್ಲಿನೆದುರು ನಿಲ್ಲಬೇಕೆಂದು ಅವನು ಬಯಸಿದನು. ಗೊರವನೂ ಪೂಜೆಯೂ ಇಲ್ಲದ ಸಂಗ್ರಹಾಲಯದಲ್ಲಿ ಈಗ ಕಾಳಿಯು ಹಂದಿಯೊಡನೆ ಹೋರಾಡುತ್ತ ನಿಂತಿದೆ.