ನಡುನೋವಿನ ಚರಿತ್ರೆ: ಹಾಸಿಗೆಯಿಂದ ನಡಿಗೆಯವರೆಗೆ



ನನ್ನ ತರಗತಿಯಲ್ಲಿ ಕುಳಿತವರಲ್ಲಿ ಬಹುಮಂದಿ ಈಗ ನಲವತ್ತು ದಾಟಿದ್ದೀರಿ. ಕ್ಷೇಮಸಮಾಚಾರ ಕೇಳಿದರೆ ಹಲವರ ಮಾತು ನಡುನೋವಿಗೆ ಬಂದು ನಿಲ್ಲುತ್ತದೆ. 'ಡಿಸ್ಕ್ ಜಾರಿದೆಯಂತೆ ಸಾರ್, ಇನ್ನು ಬಗ್ಗಲೇಬಾರದಂತೆ' ಎನ್ನುವಾಗ ದನಿಯಲ್ಲಿ ನೋವಿಗಿಂತ ಭಯವೇ ಹೆಚ್ಚು ಕೇಳಿಸುತ್ತದೆ. ನಾನು ವೈದ್ಯನಲ್ಲ, ಚರಿತ್ರೆಯ ಪಾಠ ಹೇಳಿದವನು. ಆದರೆ ಈ ಭಯಕ್ಕೂ ಒಂದು ಚರಿತ್ರೆಯುಂಟು. ಅದನ್ನು ಅರಿತರೆ ಭಯ ತುಸು ಸಡಿಲವಾದೀತೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಡುನೋವು ಕಂಪ್ಯೂಟರ್ ಯುಗದ ಕೊಡುಗೆಯಲ್ಲ. ಎಡ್ವಿನ್ ಸ್ಮಿತ್ ಎಂಬಾತ 1862ರಲ್ಲಿ ಲಕ್ಸರಿನಲ್ಲಿ ಕೊಂಡ, ಕ್ರಿ.ಪೂ. 1600ರ ಸುಮಾರಿನ ಈಜಿಪ್ಟಿನ ವೈದ್ಯಕೀಯ ಹಸ್ತಪ್ರತಿಯಲ್ಲಿ 48 ಪ್ರಕರಣಗಳ ವಿವರವಿದೆ. ಕೊನೆಯದು ಬೆನ್ನುಮೂಳೆ ಉಳುಕಿದವನದು. ವೈದ್ಯನು ಅವನಿಗೆ ಕಾಲು ಚಾಚಿ ಮಡಚಲು ಹೇಳುತ್ತಾನೆ. ನೋವು ತಾಳಲಾರದೆ ಅವನು ಕಾಲನ್ನು ಒಡನೆಯೇ ಮಡಚಿಕೊಳ್ಳುತ್ತಾನೆ. ಅವನನ್ನು ಮಲಗಿಸಬೇಕು ಎಂದು ಚಿಕಿತ್ಸೆಯ ಮಾತು ಆರಂಭವಾಗುವಷ್ಟರಲ್ಲಿ ಹಸ್ತಪ್ರತಿ ವಾಕ್ಯದ ನಡುವೆಯೇ ನಿಂತುಹೋಗಿದೆ. ನಮ್ಮ ಚರಕ, ಸುಶ್ರುತ ಸಂಹಿತೆಗಳು ಸೊಂಟದಿಂದ ಕಾಲಿಗಿಳಿಯುವ ನೋವನ್ನು 'ಗೃಧ್ರಸಿ' ಎಂದು ಕರೆದು ವಾತವ್ಯಾಧಿಗಳ ಸಾಲಿಗೆ ಸೇರಿಸಿದವು. ಅಂಥ ನೋವು ನರಕ್ಕೆ ಸಂಬಂಧಿಸಿದ್ದೆಂದು 1764ರಲ್ಲಿ ಇಟಲಿಯ ಡೊಮೆನಿಕೊ ಕೊಟುನ್ಯೊ ಪ್ರತ್ಯೇಕಿಸಿ ಬರೆದನು.

ಬೆನ್ನೆಂದರೆ ಬಲು ಸೂಕ್ಷ್ಮ, ಮುಟ್ಟಿದರೆ ಮುರಿಯುವಂಥದು ಎಂಬ ಭಾವನೆ ಬಲಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ರೈಲು ಅಪಘಾತಗಳ ಪ್ರಯಾಣಿಕರು ಹೊರಗೆ ಗಾಯವಿಲ್ಲದೆಯೂ ಬೆನ್ನುನೋವಿನಿಂದ ನರಳುತ್ತಿದ್ದರು. 1866ರಲ್ಲಿ ಲಂಡನ್ನಿನ ಜಾನ್ ಎರಿಕ್ ಎರಿಕ್ಸನ್ ಈ ವಿಷಯವಾಗಿ ಗ್ರಂಥವನ್ನೇ ಬರೆದನು. ಪರಿಹಾರದ ಮೊಕದ್ದಮೆಗಳು ನ್ಯಾಯಾಲಯ ಏರಿದವು. ಅದಕ್ಕೆ ಮೂರು ವರ್ಷ ಮೊದಲು ಜಾನ್ ಹಿಲ್ಟನ್ ವಿಶ್ರಾಂತಿಯೇ ಮಹಾಚಿಕಿತ್ಸೆ ಎಂದು ಪ್ರತಿಪಾದಿಸಿದ್ದನು. ಮುರಿದ ಎಲುಬಿಗೆ ವಿಶ್ರಾಂತಿ ಬೇಕು, ನಿಜ. ಆದರೆ ಅದೇ ಸೂತ್ರವನ್ನು ಸಾಮಾನ್ಯ ನಡುನೋವಿಗೂ ಹಚ್ಚಲಾಯಿತು.

1934ರಲ್ಲಿ ಅಮೆರಿಕದ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು, ಕಶೇರುಗಳ ನಡುವಿನ ಡಿಸ್ಕ್ ಒಡೆದು ನರವನ್ನು ಒತ್ತಬಲ್ಲುದೆಂದು ತೋರಿಸಿದರು. ಇದು ನಿಜವಾದ ಶೋಧನೆ. ಹಾಗೆ ನರ ಒತ್ತಲ್ಪಟ್ಟ ಎಷ್ಟೋ ಜನರಿಗೆ ಶಸ್ತ್ರಚಿಕಿತ್ಸೆಯಿಂದ ಉಪಕಾರವಾಗಿದೆ. ಆದರೆ ಕ್ರಮೇಣ ಎಲ್ಲ ನಡುನೋವಿಗೂ ಡಿಸ್ಕೇ ಹೊಣೆ ಎಂಬಂತಾಯಿತು. ಡಿಸ್ಕ್ ತಟ್ಟೆಯಂತೆ ಜಾರುವ ವಸ್ತುವಲ್ಲ, ಎರಡು ಕಶೇರುಗಳಿಗೆ ಬಿಗಿಯಾಗಿ ಅಂಟಿಕೊಂಡಿರುವ ಮೆತ್ತೆ. ಆದರೂ 'ಜಾರಿದೆ' ಎಂಬ ಮಾತು ಜನರ ಬಾಯಲ್ಲಿ ಉಳಿಯಿತು. ವಾರಗಟ್ಟಲೆ ಹಲಗೆಯ ಮೇಲೆ ಮಲಗುವುದು, ಕಾಲಿಗೆ ತೂಕ ಕಟ್ಟಿ ಎಳೆಯುವುದು ಶಿಷ್ಟಾಚಾರವಾಯಿತು. ದುಡಿಯುವವರು ಕೆಲಸ ಕಳೆದುಕೊಂಡರು, ಸ್ನಾಯುಗಳು ಸೊರಗಿದವು.

ಮಲಗುವುದರ ಅಪಾಯಗಳ ಬಗ್ಗೆ 1947ರಲ್ಲೇ ಬ್ರಿಟನ್ನಿನ ರಿಚರ್ಡ್ ಆಶರ್ ಎಚ್ಚರಿಸಿದ್ದುಂಟು. ಆದರೆ ಅಳೆದು ನೋಡುವ ಕೆಲಸ ಬಹಳ ತಡವಾಗಿ ನಡೆಯಿತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಮತ್ತು ಸಂಗಡಿಗರು 203 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿದರು. ಹೆಚ್ಚು ಮಲಗಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ಎರಡೇ ದಿನದ ಗುಂಪಿನವರು ಕಳೆದುಕೊಂಡ ಕೆಲಸದ ದಿನಗಳು ಶೇಕಡಾ 45ರಷ್ಟು ಕಡಿಮೆ. 1995ರಲ್ಲಿ ಹೆಲ್ಸಿಂಕಿಯ ನಗರಸಭಾ ನೌಕರರ ಮೇಲೆ ನಡೆದ ಪ್ರಯೋಗದಲ್ಲಿ, ನೋವು ತಡೆಯುವಷ್ಟು ಮಟ್ಟಿಗೆ ನಿತ್ಯದ ಕೆಲಸ ಮಾಡಿಕೊಂಡಿದ್ದವರೇ ಎಲ್ಲರಿಗಿಂತ ಬೇಗ ಗುಣಮುಖರಾದರು.

ಇನ್ನೊಂದು ಕಣ್ತೆರೆಸಿದ ಸಂಗತಿ 1994ರದು. ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದಾಗ ಶೇಕಡಾ 52 ಮಂದಿಯಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಂದರೆ ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ. ತಲೆ ನರೆತಂತೆ ಡಿಸ್ಕೂ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಗ್ಲಾಸ್ಗೋದ ಗಾರ್ಡನ್ ವಾಡೆಲ್ ಸ್ವತಃ ಮೂಳೆಯ ಶಸ್ತ್ರವೈದ್ಯ. ನಡುನೋವನ್ನು ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ನೋಡಬೇಕೆಂದು ಅವರು 1987ರಲ್ಲಿ ವಾದಿಸಿದರು. 1997ರಿಂದ ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯ ದೂರದರ್ಶನದಲ್ಲಿ 'ಮಲಗಬೇಡಿ, ಚಟುವಟಿಕೆಯಿಂದಿರಿ' ಎಂಬರ್ಥದ ಪ್ರಚಾರ ನಡೆಸಿದಾಗ ಜನರ ನಂಬಿಕೆ ಬದಲಾಯಿತು, ಪರಿಹಾರದ ಅರ್ಜಿಗಳೂ ಇಳಿದವು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ನಡುನೋವಿಗೆ ನೀಡಿದ ಮಾರ್ಗಸೂಚಿ ತಿಳಿವಳಿಕೆ, ವ್ಯಾಯಾಮಗಳಿಗೆ ಮಣೆ ಹಾಕಿದೆ. ಸೊಂಟದ ಪಟ್ಟಿ, ಎಳೆತದ ಚಿಕಿತ್ಸೆ, ಅಫೀಮು ವರ್ಗದ ಮಾತ್ರೆಗಳನ್ನು ವಾಡಿಕೆಯಾಗಿ ಬಳಸಬೇಡಿ ಎಂದಿದೆ.

ಇನ್ನು ಮಕ್ಕಳ ವಿಚಾರ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಶಾಲಾಚೀಲದ ಹೊರೆಯ ಬಗ್ಗೆ ಮನಮುಟ್ಟುವಂತೆ ಮಾತನಾಡಿದರು. 1993ರಲ್ಲಿ ಯಶಪಾಲ್ ಸಮಿತಿಯ ವರದಿ ಬಂತು. 2019ರಲ್ಲಿ ಕರ್ನಾಟಕ ಸರ್ಕಾರ ಚೀಲದ ತೂಕಕ್ಕೆ ತರಗತಿವಾರು ಮಿತಿ ಹಾಕಿತು. ಹೊರೆ ಇಳಿಸಿದ್ದು ಸರಿಯೇ. ಆದರೂ ಚೀಲವೇ ಬೆನ್ನುನೋವಿಗೆ ಕಾರಣವೆಂಬುದಕ್ಕೆ ಗಟ್ಟಿ ಪುರಾವೆ ಇಲ್ಲವೆಂದು 2018ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಹರೆಯದಲ್ಲಿ ನಡುನೋವು ಸಾಮಾನ್ಯ, ಬಹುಪಾಲು ತಾನಾಗಿಯೇ ಶಮನವಾಗುತ್ತದೆ. ಮಗುವಿಗೆ 'ನಿನ್ನ ಬೆನ್ನು ಕೆಟ್ಟಿದೆ' ಎಂದು ಹೇಳಿ ಆಟ ಬಿಡಿಸಬೇಡಿ. ಆದರೆ ವೇಗದ ಬೌಲಿಂಗ್ ಮಾಡುವ ಹುಡುಗನಿಗೆ ಆಡಿದಾಗಲೆಲ್ಲ ನೋವು ಬರುತ್ತಿದ್ದರೆ ತೋರಿಸಲೇಬೇಕು. ಆಸ್ಟ್ರೇಲಿಯದ ಡೆನಿಸ್ ಲಿಲ್ಲಿಗೆ 1973ರಲ್ಲಿ ಕಶೇರುಗಳಲ್ಲೇ ಬಿರುಕು ಬಿಟ್ಟಿತ್ತು. ವಿಶ್ರಾಂತಿ, ಕ್ರಮಬದ್ಧ ವ್ಯಾಯಾಮಗಳ ಬಳಿಕ ಆತ ಮತ್ತೆ ವೇಗವಾಗಿಯೇ ಬೌಲ್ ಮಾಡಿದ.

ಧೈರ್ಯವೆಂದರೆ ಅಲಕ್ಷ್ಯವಲ್ಲ. ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದ ಪೆಟ್ಟು ಇವುಗಳೊಡನೆ ಬರುವ ನೋವನ್ನೂ ತಡಮಾಡದೆ ತೋರಿಸಿ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆಯೆಂಬುದನ್ನು ಮರೆಯದಿರಿ.

ಇವು ಯಾವುವೂ ಇಲ್ಲದ ನಡುನೋವು ಬಹುಮಟ್ಟಿಗೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಮತ್ತೆ ಬಂದರೂ ಅದು ಬೆನ್ನು ಮುರಿದ ಸೂಚನೆಯಲ್ಲ. ನಡೆಯಿರಿ, ಬಗ್ಗಿರಿ, ಬಾವಿಯ ನೀರು ಸೇದಿರಿ. ನಿಧಾನವಾಗಿ, ಆದರೆ ನಿಲ್ಲಿಸದೆ. ಇಷ್ಟು ಹೊತ್ತು ಕುಳಿತು ಓದಿದ್ದೀರಿ. ಈಗ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬನ್ನಿ.